ನಾಲ್ಕನೆಯ ಗಾಲಿಯ ಮೇಣದ ಕುರಿತು ಒಂದು ಬಿನ್ನಹ

ಘನತೆವೆತ್ತ ‘ಚಕ್ರಕಾಂತಿ’ ಗಾಲಿ ಮೇಣದ ತಯಾರಕರ ಸನ್ನಿಧಾನಕ್ಕೆ,

ಮಾನ್ಯರೇ,

ಕೂಡ್ಲಿಗಿಯಿಂದ ಜಂಬಯ್ಯ ಮಾಡುವ ಶರಣು ಶರಣಾರ್ಥಿಗಳು. ಇಲ್ಲಿ ನಾನು ಕ್ಷೇಮ, ನನ್ನ ಕಾರು ಕ್ಷೇಮ, ಕಾರಿನ ಗಾಲಿಗೆ ಹಚ್ಚಿದ ತಮ್ಮ ಮೇಣವಂತೂ ನಮ್ಮಿಬ್ಬರಿಗಿಂತ ಕ್ಷೇಮ. ಈ ಪತ್ರವನ್ನು ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ಐ ಬೆಗ್ ಟು ಸ್ಟೇಟ್ ದಟ್’ ಎಂದು ಆರಂಭಿಸಬೇಕೆಂದಿದ್ದೆ. ಕಾಲೇಜಿನಲ್ಲಿ ಅರ್ಜಿ ಬರೆಯುವುದನ್ನು ಕಲಿಸಿದ ಮೇಷ್ಟ್ರು ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ‘ದಟ್’ ಆದಮೇಲೆ ಏನು ಬರುತ್ತಿತ್ತೆಂಬುದು ಈಗ ನೆನಪಾಗುತ್ತಿಲ್ಲವಾದ್ದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ. ಆ ಇಂಗ್ಲಿಷಿಗೂ ಅಂದೇ ತಮ್ಮ ಮೇಣದ ಒಂದು ಕೋಟು ಹಚ್ಚಿಸಿಕೊಂಡಿದ್ದರೆ ಈ ಪರಿ ಉದುರಿಹೋಗುತ್ತಿರಲಿಲ್ಲ.

ನಮ್ಮೂರು ಹೆದ್ದಾರಿಯ ಮೇಲಿದೆ. ಅದಿರಿನ ಲಾರಿಯ ಧೂಳು, ಹೊಲದ ಕೆಂಪು ಮಣ್ಣು, ಬ್ರೇಕು ತಾನೇ ಅರೆದು ಉದುರಿಸುವ ಕರೀ ಪುಡಿ, ಇವೆಲ್ಲ ಕೂಡಿ ಗಾಲಿಯ ಮೇಲೆ ಸಂತೆ ನೆರೆಸುತ್ತವೆ. ಇದನ್ನೆಲ್ಲ ದೂರವಿಡುವ ಮೇಣವೊಂದಿದೆ ಎಂದು ಫೋನಿನಲ್ಲಿ ತಮ್ಮ ಜಾಹೀರಾತು ನೋಡಿ ಡಬ್ಬಿ ತರಿಸಿದೆ. ಅದರ ಮೇಲಿನ ಇಂಗ್ಲಿಷನ್ನು ಕನ್ನಡಕ ಏರಿಸಿ ಓದಿದೆ: ತೆಳ್ಳಗೆ ಹಚ್ಚಿ, ನೆರಳಿನಲ್ಲಿ ತಣ್ಣಗಿನ ಗಾಲಿಗೇ ಹಚ್ಚಿ, ಮಬ್ಬಾದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ಇಷ್ಟು ಸರಳವಾದ ಸೂಚನೆಯನ್ನು ಬರೆದವರು ನಮ್ಮ ಕೂಡ್ಲಿಗಿಯ ಬಿಸಿಲನ್ನು ಕಂಡವರಲ್ಲವೆಂದು ನನ್ನ ವಿನಮ್ರ ಅಭಿಪ್ರಾಯ. ಇಲ್ಲಿ ತಣ್ಣಗಿನ ಗಾಲಿ ಬೇಕೆಂದರೆ ಗಾಲಿಯನ್ನು ಬಿಚ್ಚಿ ಬಾವಿಯಲ್ಲಿ ಇಳಿಬಿಡಬೇಕು.

ಹಚ್ಚಿದ್ದು ಆಯುಧಪೂಜೆಯ ದಿನ. ಹಬ್ಬಕ್ಕೆ ಗಾಲಿ ಹೊಳೆಯಲಿ ಎಂಬ ಉತ್ಸಾಹದಲ್ಲಿ, ತೆಳ್ಳಗೆ ಎಂಬ ಮಾತನ್ನು ಜಿಪುಣರಿಗೆ ಹೇಳಿದ್ದೆಂದು ಭಾವಿಸಿ, ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದೆ. ನಾಲ್ಕನೆಯ ಗಾಲಿಗೆ ಬಳಿಯುವ ಹೊತ್ತಿಗೆ ಮೊದಲಿನ ಮೂರರ ಮೇಣ ಬಿಸಿಲಿಗೆ ಬಿಗಿದುಕೊಂಡಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಪಕ್ಕೀರಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ನಮ್ಮ ಮನೆಯಲ್ಲಿ ಕಾರಿನ ಬಾನೆಟ್ಟಿಗೆ ಹೂವು, ಗಾಲಿಗೆ ವಿಭೂತಿ. ಗಾಡಿಯನ್ನು ಮನೆಗೆ ವಾಪಸ್ ಕರೆತರುವುದು ಗಾಲಿಯೇ ಹೊರತು ಬಾನೆಟ್ಟಲ್ಲ ಎಂಬುದು ಆಕೆಯ ವಾದ. ಒರೆಸುವತನಕ ತಡೆ ಎಂದು ನಾನು ಹೇಳುವುದರೊಳಗೆ ನೀರಲ್ಲಿ ಕಲಸಿದ ವಿಭೂತಿಯನ್ನು ಬೆರಳಿಗೆ ಮೆತ್ತಿಕೊಂಡು ಎಳೆದೇ ಬಿಟ್ಟಳು. ಮೂರು ಗಾಲಿಗಳ ಮೇಲೆ ಬೆರಳು ಜಾರಿತು, ವಿಭೂತಿ ನಿಲ್ಲಲಿಲ್ಲ. ನಾಲ್ಕನೆಯದರ ಮೇಣ ಇನ್ನೂ ಮೆತ್ತಗಿತ್ತು. ಆಕೆಯ ಬೆರಳು ಅದರಲ್ಲಿ ಇಳಿದು ಸೊಗಸಾದ ಮೂರು ಸಾಲು ಮೂಡಿದವು, ನಡುವಿನ ಸಾಲಿನ ಮೇಲೆ ಒಂದು ಕುಂಕುಮದ ಬೊಟ್ಟು ಕೂತಿತು.

“ಇದೊಂದು ಗಾಲಿ ಹೇಳಿದ ಮಾತು ಕೇಳ್ತೈತಿ ನೋಡ್ರಿ,” ಎಂದಳು. ಕೇಳದ ಮೂರರಲ್ಲಿ ನನ್ನನ್ನೂ ಸೇರಿಸಿಯೇ ಹೇಳಿದ್ದೆಂದು ಧ್ವನಿಯಿಂದ ತಿಳಿಯಿತು.

ಆಮೇಲೆ ಹೋಳಿಗೆ ಊಟ, ಊಟದ ಮೇಲೆ ನಿದ್ದೆ. ಎದ್ದು ಬಟ್ಟೆ ಹಿಡಿದು ಹೋದಾಗ ತಮ್ಮ ಮೇಣ ಗಾಲಿಯೊಂದಿಗೆ ಸಂಬಂಧ ಬೆಳೆಸಿ ಆಗಿತ್ತು.

ಮಾನ್ಯರೇ, ವಿಭೂತಿ ನಿಂತ ನಾಲ್ಕನೆಯದನ್ನು ಮುಟ್ಟಲು ಪಕ್ಕೀರಮ್ಮ ಬಿಡಲಿಲ್ಲ. ಉಳಿದ ಮೂರು ಗಾಲಿಗಳ ಮೇಣ ತೆಗೆಯಲು ನಾನು ಮಾಡದ ಉಪಾಯವಿಲ್ಲ. ಸೀಮೆಎಣ್ಣೆ ಹಾಕಿದೆ, ಸೀಗೆಪುಡಿ ಹಾಕಿದೆ, ನಿಂಬೆಹೋಳಿನಿಂದ ತಿಕ್ಕಿದೆ. ತಾವೇ ಮಾರುವ, ಒಂದೇ ಒರೆಸಿಗೆ ಮೇಣ ಬಿಡಿಸುವ ದ್ರವವನ್ನೂ ತರಿಸಿದೆ. ಅದು ನನ್ನ ಅಂಗೈ ಚರ್ಮವನ್ನು ನಿಜಕ್ಕೂ ಒಂದೇ ಒರೆಸಿಗೆ ಬಿಡಿಸಿತು. ತಮ್ಮ ಸಹಾಯವಾಣಿಗೆ ಫೋನು ಮಾಡಿ, ‘ಮೇಡಂ, ದಿ ವ್ಯಾಕ್ಸ್ ಈಸ್ ನಾಟ್ ವಿಲ್ಲಿಂಗ್’ ಎಂದು ನನಗೆ ಉಳಿದಿರುವಷ್ಟು ಇಂಗ್ಲಿಷಿನಲ್ಲಿ ನಿವೇದಿಸಿದೆ. ಆಕೆ ಬಹಳ ಸಂತೋಷಪಟ್ಟು, ಹಾಗಾದರೆ ನಮ್ಮ ಮೇಣಕ್ಕೆ ಐದು ನಕ್ಷತ್ರ ಕೊಡಿ ಎಂದಳು. ಕೊಟ್ಟೆ. ಹೆದ್ದಾರಿ ಬದಿಯಲ್ಲಿ ವಾಟರ್ ಸರ್ವಿಸ್ ನಡೆಸುವ ಬಂಗಾರಪ್ಪ ನೀರಿನ ಪೈಪು ಹಿಡಿದು ನಿಂತರೆ ಲಾರಿಯ ಬಣ್ಣವೇ ಹೆದರುತ್ತದೆ. ಅವನೂ ಸೋತು, “ಸರ, ಇದು ಮೇಣ ಅಲ್ರಿ, ಬೀಗ್ರು. ಬಂದ್ ಮ್ಯಾಲ ಹೋಗಂಗಿಲ್ಲ,” ಎಂದು ಪೈಪು ಕೆಳಗಿಟ್ಟ. ಇಂಥ ಛಲವನ್ನು ಗಾಲಿಯಲ್ಲೇ ಕೊಳೆಯಲು ಬಿಡದೆ ನಮ್ಮ ರಸ್ತೆಗಳ ಡಾಂಬರಿನಲ್ಲಿಯೂ, ಚುನಾವಣೆಯ ಭರವಸೆಗಳಲ್ಲಿಯೂ ಒಂದಿಷ್ಟು ಬೆರೆಸಿಕೊಡಲು ಸಾಧ್ಯವೇ ಎಂದು ತಾವು ದಯಮಾಡಿ ಯೋಚಿಸಬೇಕು.

ಇಷ್ಟೇ ಆಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಆ ಹಬ್ಬದ ಮುಂದಿನ ಶಿವರಾತ್ರಿಗೆ ಪಕ್ಕೀರಮ್ಮ ಇರಲಿಲ್ಲ. ನಾಲ್ಕನೆಯ ಗಾಲಿಯ ಮೇಲೆ ಅವಳೆಳೆದ ಮೂರು ಸಾಲು ಮಾತ್ರ ಇದ್ದವು. ಹತ್ತಿರ ಹೋಗಿ ನೋಡಿದರೆ ಬೆರಳಿನ ಗೆರೆಗಳೂ ಕಾಣುತ್ತಿದ್ದವು. ಧೂಳು ಕೂತಿತು, ಮಳೆ ತೊಳೆಯಿತು, ತಮ್ಮ ಮೇಣ ಕದಲಲಿಲ್ಲ. ತಮ್ಮನ್ನು ಬೈಯುತ್ತಿದ್ದ ನನ್ನ ನಾಲಗೆ ಆಗ ಸುಮ್ಮನಾಯಿತು.

ಆದರೆ ಈ ಬೇಸಿಗೆಯಲ್ಲಿ, ಸರಿಯಾಗಿ ಆ ನಾಲ್ಕನೆಯ ಗಾಲಿಯ ಮೇಣವೇ ಬಿರುಕು ಬಿಡಲು ಆರಂಭಿಸಿತು. ಹೋಗು ಎಂದಲ್ಲಿ ಹೋಗದೆ, ಇರು ಎಂದಲ್ಲಿ ಇರದೆ! ಗಾಬರಿಯಾಗಿ ಆ ಗಾಲಿಯನ್ನು ಬಿಚ್ಚಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಸ್ಟೆಪ್ನಿಯೆಂದು ಡಿಕ್ಕಿಯಲ್ಲಿ ಮಲಗಿಸಿದೆ; ಸ್ಟೆಪ್ನಿಯಾಗಿದ್ದ ಕರೀ ಕಬ್ಬಿಣದ ಗಾಲಿಯನ್ನು ಅದರ ಜಾಗಕ್ಕೆ ಹಾಕಿಸಿದೆ. ಕಾರು ಮೂರು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದೆ ಎಂದು ಬಂಗಾರಪ್ಪ ಊರಿಗೆಲ್ಲ ಸಾರಿದ. ಸಾರಲಿ ಎಂದುಕೊಂಡೆ.

ಮೊನ್ನೆ ಮಗಳು ಗೀತಾಂಜಲಿಯನ್ನು ಹಡಗಲಿಗೆ ಬಿಡಲು ಹೊರಟಿದ್ದೆ. ಅವಳ ಗಂಡನ ಮನೆಯವರದು ಮಲ್ಲಿಗೆ ವ್ಯಾಪಾರ. ಸಂಜೆಯೊಳಗೆ ಮದುವೆಯೊಂದಕ್ಕೆ ಹಾರ ಕಟ್ಟಿ ಮುಗಿಸಬೇಕಿತ್ತು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಆ ಕಬ್ಬಿಣದ ಗಾಲಿ ಪಂಕ್ಚರ್ ಆಯಿತು. ಯಾರಾದರೂ ಪಂಕ್ಚರ್ ಹಾಕುವವರು ಬರುವತನಕ ಬೇವಿನ ನೆರಳಲ್ಲಿ ಕೂರೋಣ, ಗಾಳಿ ಚೆನ್ನಾಗಿದೆ ಎಂದೆ. ಗಾಳಿ ಟೈರಿನಲ್ಲಿ ಬೇಕಿತ್ತು ಎಂದಳು. ಸ್ಟೆಪ್ನಿ ಇಟ್ಟುಕೊಂಡು ಪಂಕ್ಚರಿನವನ ದಾರಿ ಕಾಯುವ ಮನುಷ್ಯನನ್ನು ಎಲ್ಲೂ ಕಂಡಿಲ್ಲವೆಂದು ಬೈಯುತ್ತ ತಾನೇ ಡಿಕ್ಕಿ ತೆಗೆದಳು. ಅವ್ವನ ಸೀರೆ ಇಲ್ಲೇಕಿದೆ ಎಂದು ಕೇಳುತ್ತಲೇ ಬಿಚ್ಚಿದಳು. ಆಮೇಲೆ ತನ್ನ ಮೂರು ಬೆರಳನ್ನು ಆ ಮೂರು ಸಾಲಿನಲ್ಲಿ ಮೆಲ್ಲಗೆ ಇಟ್ಟು ನೋಡಿದಳು.

“ಅವ್ವನ ಬೆರಳು ಇಷ್ಟು ಸಣ್ಣವಿದ್ವೇನಪ್ಪ?”

ನನಗೆ ಕನ್ನಡವೂ ಬರಲಿಲ್ಲ.

“ಗಾಡಿ ಮನಿಗೆ ಬರ್ಲಿ ಅಂತ ಹಚ್ಯಾಳ ಆಕಿ,” ಎಂದಳು ಸೀರೆಯನ್ನು ಮಡಿಚುತ್ತ. “ಡಿಕ್ಕ್ಯಾಗ ಮಲಗ್ಲಿ ಅಂತ ಹಚ್ಚಿಲ್ಲ. ಜ್ಯಾಕು ಕೊಡು.”

ಕೊಟ್ಟೆ. ಗಾಲಿ ಹಾಕಿದೆವು. ಎತ್ತಿನ ಬಂಡಿಯೊಂದು ನಮ್ಮನ್ನು ಹಿಂದೆ ಹಾಕುವಷ್ಟು ಜೋಪಾನವಾಗಿ ನಾನು ಓಡಿಸಿದೆ. ಹೂವು ಬಾಡುತ್ತವೆ ಎಂದು ಅವಳು ಒಮ್ಮೆಯೂ ಅವಸರ ಮಾಡಲಿಲ್ಲ. ಹಡಗಲಿಯಲ್ಲಿ ಇಳಿದು ಇಬ್ಬರೂ ಮೊದಲು ಆ ಗಾಲಿಯ ಹತ್ತಿರ ಹೋದೆವು. ಮೇಲಿನ ಸಾಲು ಉದುರಿತ್ತು, ಕೆಳಗಿನದೂ ಉದುರಿತ್ತು. ನಡುವಿನ ಸಾಲು, ಕುಂಕುಮದ ಕಲೆಯ ಸಮೇತ, ಹಾಗೆಯೇ ಇತ್ತು.

ಈಗ ಆ ಗಾಲಿ ಕಾರಿನಲ್ಲೇ ಇದೆ. ಡಿಕ್ಕಿಗೆ ಮರಳಿಸಕೂಡದೆಂದು ಮಗಳ ಆಜ್ಞೆಯಾಗಿದೆ. ವಾಟರ್ ಸರ್ವಿಸ್‌ಗೆ ಹೋದಾಗ ಬಂಗಾರಪ್ಪ ಯಾರೂ ಹೇಳದೆಯೇ ತನ್ನ ಹೆಗಲ ಟವೆಲನ್ನು ಅದರ ಮೇಲೆ ಹೊದಿಸಿ ಉಳಿದ ಮೂರಕ್ಕೆ ನೀರು ಬಿಡುತ್ತಾನೆ. ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ತಮ್ಮ ಪಂಡಿತರನ್ನು ಕೂರಿಸಿಕೊಂಡು ಹೊಸ ಮೇಣವೊಂದನ್ನು ಮಾಡಿಸಿಕೊಡಿ. ಅದು ಮೇಣದ ಮೇಲೆ ಹಚ್ಚುವ ಮೇಣವಾಗಿರಲಿ. ಒಂದೇ ಒಂದು ಸಾಲಿಗೆ ಸಾಕಾಗುವಷ್ಟಿರಲಿ. ಕೂಡ್ಲಿಗಿಯ ಬಿಸಿಲಿನಲ್ಲಿ ಬಿರಿಯದಿರಲಿ. ಗಾಲಿ ತಿರುಗುತ್ತಿರಲಿ, ಅದು ಮಾತ್ರ ಇದ್ದಲ್ಲೇ ಇರಲಿ. ತೆಗೆಯುವ ವಿಧಾನವನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ಖರ್ಚು ತಮಗೆ ಬೇಡ. ತೆಳ್ಳಗೆ ಹಚ್ಚಿ ಎಂದು ಬರೆಸಿ, ಈ ಸಲ ಕೇಳುತ್ತೇನೆ.

ಮೂರು ಗಾಲಿಗಳ ಮಟ್ಟಿಗೆ ತಮ್ಮ ಅವಿಶ್ವಾಸಿ,
ಒಂದು ಗಾಲಿಯ ಮಟ್ಟಿಗೆ ತಮ್ಮ ವಿಶ್ವಾಸಿ,
ಜಂಬಯ್ಯ
ಕೂಡ್ಲಿಗಿ

ಬರೆಯಲು ಮರೆತದ್ದು: ತೃಪ್ತಿಯಾಗದಿದ್ದರೆ ಮಾಲನ್ನು ವಾಪಸ್ ಪಡೆಯುತ್ತೇವೆಂದು ತಾವು ಡಬ್ಬಿಯ ಮೇಲೆ ಬರೆದಿದ್ದೀರಿ. ವಾಪಸ್ ಕೊಡಲು ನಾನು ತಯಾರು. ಮಾಲು ಮೂರು ಗಾಲಿಗಳ ಮೇಲಿದೆ, ತಮ್ಮವರೇ ಬಂದು ಬಿಡಿಸಿಕೊಂಡು ಹೋಗತಕ್ಕದ್ದು. ಬರುವವರು ಒಂದೇ ಒರೆಸಿನ ಆ ದ್ರವವನ್ನು ತರಲಿ, ಕೈಗವಸು ಮಾತ್ರ ತರದಿರಲಿ. ನಾಲ್ಕನೆಯ ಗಾಲಿಯ ಕಡೆ ಯಾರೂ ಸುಳಿಯದಿರುವುದು ಒಳ್ಳೆಯದು. ಅಲ್ಲಿ ನನ್ನ ಮಗಳು ಹಡಗಲಿಯಿಂದ ಬಂದು ಜ್ಯಾಕಿನ ಹಿಡಿಕೆ ಹಿಡಿದು ಕುಳಿತಿರುತ್ತಾಳೆ, ಅವಳಿಗೆ ನನ್ನಷ್ಟು ಸೌಜನ್ಯವಿಲ್ಲ.