ಸೆರ್ವಾಳ ಕಣ್ಣಿನೊಳಗೆ ಕಿಡಿ

ಬಾಫೊ: ಪ್ಲಾಸ್ಮಾನಾ? ನನ್ನ ಹೆಂಡ್ತಿ ಕಣ್ಣೊಳಗಾ? ಡಾಕ್ಟ್ರಮ್ಮ, ಮೂವತ್ತು ವರ್ಷ ಆ ಉರೀಲೇ ಲಾರಿ ಚಾಸಿ ಕತ್ತರಿಸಿದೋನು ನಾನು!

ಕುಮಾಸಿ ಊರಿನ ಒಂದು ಕಣ್ಣಾಸ್ಪತ್ರೆ. ಬಾಫೊ ವೆಲ್ಡರ್. ಅವನ ಹೆಂಡತಿ ಸೆರ್ವಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರುವವಳು. ಎರಡು ವರ್ಷದ ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದಳು. ಈಗ ಮತ್ತೆ ಮಬ್ಬು. ಅವಳು ಲೇಸರ್ ಯಂತ್ರಕ್ಕೆ ಗದ್ದ ಊರಿ ಕೂತು ಕಾಲು ಗಂಟೆಯಾಗಿತ್ತು.

ಡಾ. ಜಿಫಾ: ಯಜಮಾನ್ರೆ, ಲೆನ್ಸಿನ ಹಿಂದಿರೋ ತೆಳು ಪರದೆ ಮಬ್ಬಾಗಿದೆ. ಅದರಲ್ಲೊಂದು ಕಿಂಡಿ ಮಾಡ್ತೀನಿ, ಅಷ್ಟೆ.

ಬಾಫೊ: ಶಾಖ ಎಷ್ಟು?

ಜಿಫಾ: ಹತ್ತು ಸಾವಿರ ಡಿಗ್ರಿ ದಾಟುತ್ತೆ.

ಬಾಫೊ: ಸೆರ್ವಾ, ಏಳು. ಮನೆಗೆ ಹೋಗೋಣ.

ಸೆರ್ವಾ: ನಾನೇಳಲ್ಲ ಕಣ್ರೀ. ಮೊನ್ನೆ ಸಾವಿನ ಮನೆಯೋರಿಗೆ ಕಪ್ಪು ಬಟ್ಟೆ ಅಂತ ಕಡುನೀಲಿ ಕತ್ತರಿಸಿ ಕೊಟ್ಟೆ. ಹೆಣದ ಮುಂದೆ ಅಷ್ಟೂ ಜನ ನೀಲಿ!

ಜಿಫಾ: ಬೆಳಕೆಲ್ಲ ಒಂದೇ ಚುಕ್ಕೆಗೆ ಸೇರಿದಾಗ ಅಲ್ಲೊಂದು ಪ್ಲಾಸ್ಮಾ ಕಿಡಿ ಏಳುತ್ತೆ. ಧೂಳಿನ ಕಣದಷ್ಟು. ಸೆಕೆಂಡನ್ನ ಕೋಟಿ ಪಾಲು ಮಾಡಿದ್ರೆ ಒಂದು ಪಾಲಿನಷ್ಟು ಹೊತ್ತೂ ಇರಲ್ಲ. ಸುಡೋಕೆ ಅದಕ್ಕೆ ಪುರುಸೊತ್ತೇ ಇಲ್ಲ.

ಬಾಫೊ: ಸುಡದೆ ತೂತು ಹೇಗಾಗುತ್ತೆ?

ಜಿಫಾ: ಕಿಡಿ ಪಟ್ಟಂತ ಹಿಗ್ಗುತ್ತೆ. ಆ ಧಕ್ಕೆಗೆ ಪರದೆ ಹರಿಯುತ್ತೆ.

ಬಾಫೊ: ಮುಂದಿರೋ ಲೆನ್ಸಿಗೆ ಏಟು ಬಿದ್ರೆ?

ಜಿಫಾ: ಅದಕ್ಕೇ ಗುರೀನ ಪರದೆಗಿಂತ ಕೂದಲೆಳೆಯಷ್ಟು ಹಿಂದೆ ಇಡ್ತೀನಿ.

ಬಾಫೊ ಯಂತ್ರಕ್ಕೆ ಒಂದು ಸುತ್ತು ಬಂದ. ಬಗ್ಗಿ ಮೇಜಿನ ಅಡಿಯನ್ನೂ ನೋಡಿದ.

ಬಾಫೊ: ಕೆಲಸ ಗೊತ್ತಿರೋರು. ನಾನು ಒಪ್ಪಿದೆ ಸೆರ್ವಾ, ಮಾಡಿಸ್ಕೋ.

ಸೆರ್ವಾ ಗದ್ದವನ್ನು ಹಿಂದಕ್ಕೆಳೆದುಕೊಂಡಳು.

ಸೆರ್ವಾ: ಈಗ ಭಯ ಆಗ್ತಿದೆ, ಡಾಕ್ಟ್ರಮ್ಮ.

ಜಿಫಾ: ಯಾಕಮ್ಮ? ಇಷ್ಟೊತ್ತು ಇರ್ಲಿಲ್ವಲ್ಲ?

ಸೆರ್ವಾ: ಇಷ್ಟೊತ್ತು ಇವರು ಬೇಡ ಅಂತಿದ್ರು. ಇವರು ಒಪ್ಪಿದ್ದು ಒಂದಾದ್ರೂ ನಿಂತಿದ್ಯಾ? ನೀರಿನ ಟ್ಯಾಂಕಿನ ಸ್ಟ್ಯಾಂಡು, ಚರ್ಚಿನ ಗೇಟು, ನಮ್ಮ ದೊಡ್ಡ ಅಳಿಯ...

ಬಾಫೊ: ಅಳಿಯನ್ನ ನಾನು ವೆಲ್ಡ್ ಮಾಡಿಲ್ಲ.

ಜಿಫಾ: ಹಾಗಾದ್ರೆ ಅವರು ಮೊದಲು ಬೇಡ ಅಂದ್ರಲ್ಲಮ್ಮ, ಅದನ್ನೇ ಲೆಕ್ಕಕ್ಕೆ ತಗೊಳ್ಳಿ.

ಸೆರ್ವಾಳಿಗೆ ಇದು ಸರಿಯೆನಿಸಿತು. ಮತ್ತೆ ಗದ್ದ ಊರಿದಳು. ಟಕ್. ಟಕ್. ಹೀಗೆ ಇಪ್ಪತ್ತು ಸಲ.

ಜಿಫಾ: ಮುಗೀತು.

ಸೆರ್ವಾ: ಶುರುವೇ ಆಗ್ಲಿಲ್ವಲ್ಲ!

ಬಾಫೊ (ಮೋಸ ಹೋದವನಂತೆ): ಒಂಚೂರು ಹೊಗೆನೂ ಬರ್ಲಿಲ್ಲ.

ಎರಡು ಗಂಟೆ ಕಳೆದು, ಕಣ್ಣಿನ ಒತ್ತಡ ನೋಡಲು ಜಿಫಾ ಸೆರ್ವಾಳನ್ನು ಒಳಗೆ ಕರೆದಳು. ಬಾಫೊನೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

ಜಿಫಾ: ಎದುರು ಗೋಡೆ ಮೇಲೆ ಏನು ಕಾಣುತ್ತಮ್ಮ?

ಸೆರ್ವಾ ಎಲ್ಲೂ ತಡವರಿಸದೆ ಓದಿದಳು: "ರೋಗಿಯ ಜೊತೆ ಬಂದವರು ಹೊರಗೇ ಕೂರತಕ್ಕದ್ದು."

ಜಿಫಾ, ಸೆರ್ವಾ ಇಬ್ಬರೂ ಪಕ್ಕದ ಕುರ್ಚಿಯ ಕಡೆ ತಿರುಗಿದರು.

ಬಾಫೊ: ಅದು ನನಗೆ ಬೆಳಿಗ್ಗೇನೇ ಕಾಣಿಸಿತ್ತು.