ಕೆಂಪು ಬದಿಯ ಕೊನೆಯ ಮೂಲೆ

ಆ ಮಂಗಳವಾರ ಹೆಂಡತಿ ಬಣ್ಣ ಹೊಂದಿಸುವ ಕ್ಯೂಬ್ ಹಿಡಿದು ಅಡುಗೆಮನೆಯಿಂದ ಬಂದಳು. "ನೋಡ್ರಿ, ಕೆಂಪು ಬಾಜೂ ಪೂರಾ ಆತು." ಅದರ ಕೊನೆಯ ಮೂಲೆ ಮೂರು ತಿಂಗಳಿಂದ ಕೂಡಿರಲಿಲ್ಲ.

"ಹೆಂಗ ಕುಂತಿತು?" ಎಂದೆ.

"ಕುಂತಿತು. ಅದರ ಲೆಕ್ಕ ನಿಮಗ್ಯಾಕ?" ಎಂದು ನಕ್ಕು, ಕ್ಯೂಬನ್ನು ಟೀವಿಯ ಪಕ್ಕ ಇಟ್ಟು, ಜೋಳ ಬೀಸಿಸಲು ಹೋದಳು. ಗಿರಣಿಯ ಮುಂದೆ ಪಾಳಿಯಲ್ಲಿ ನಿಂತಲ್ಲೇ ಕುಸಿದಳು. ಜೀವಂತ ಮನೆಗೆ ಬರಲಿಲ್ಲ.

ಅವಳು ಇಟ್ಟ ಹಾಗೇ ಇರಲೆಂದು ಆ ಕ್ಯೂಬನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಆದರೆ ಬೆಟಗೇರಿಯಲ್ಲಿ ಗಣಿತ ಕಲಿಸುವವನಿಗೆ ಕ್ಯೂಬಿನಿಂದ ಬಿಡುಗಡೆ ಇಲ್ಲ. ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ.

೧. ನಲವತ್ಮೂರರ ಮುಂದೆ

ಕ್ಯೂಬಿನ ಎಂಟು ಮೂಲೆ, ಹನ್ನೆರಡು ಅಂಚು ಎಷ್ಟು ಬಗೆಯಲ್ಲಿ ಕೂಡಬಹುದೆಂದು ಒಂಬತ್ತನೆಯ ತರಗತಿಗೆ ಲೆಕ್ಕ ಮಾಡಿ ತೋರಿಸಿದೆ. ನಲವತ್ಮೂರರ ಮುಂದೆ ಇನ್ನೂ ಹದಿನೆಂಟು ಅಂಕೆ. ಉತ್ತರ ಹಲಗೆಯ ಅಂಚು ಮುಟ್ಟಿತು.

"ಇಷ್ಟರಾಗ ಸರಿ ಇರೂದು ಒಂದನ ಏನ್ರಿ ಸರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು.

"ಒಂದೇ."

"ಹಂಗಾರ ನಮ್ಮ ಪೇಪರ್ ತಿದ್ದುವಾಗ ಇದನ್ನ ನೆನಪಿಡ್ರಿ."

೨. ಹನ್ನೆರಡರಲ್ಲಿ ಒಂದು

ನಮ್ಮ ದೈಹಿಕ ಶಿಕ್ಷಕರು ಶಾಲೆಯ ಕ್ಯೂಬನ್ನು ಬಿಚ್ಚಿ, ಹಾಳೆಯ ಮೇಲೆ ತುಂಡು ಹರಡಿ ಕೂತಿದ್ದರು.

"ಮನಬಂದಂತೆ ಜೋಡಿಸಿದರ ಹನ್ನೆರಡರಾಗ ಒಮ್ಮೆ ಮಾತ್ರ ಬಿಡಿಸಾಕ ಬರತೈತಿ," ಎಂದೆ. "ಒಂದ ಒಂದು ಮೂಲಿ ಸೊಟ್ಟ ಕುಂತರೂ, ಆಮ್ಯಾಲೆ ಎಷ್ಟು ತಿರುವಿದರೂ ಸರಿ ಆಗೂದಿಲ್ಲ."

"ಹನ್ನೆರಡ ಸಲಾ ಹೌದಲ್ರಿ? ಜೋಡಸ್ತೀನಿ ಬಿಡ್ರಿ."

ಎರಡು ದಿನ ಜೋಡಿಸಿದರು, ಬಿಚ್ಚಿದರು. ಹನ್ನೆರಡನೆಯ ಸಲವೂ ಆಗಲಿಲ್ಲ. ನನ್ನ ಕಡೆ ತಿರುಗಿ, "ಮಾಸ್ತರ, ಗಣಿತಕ್ಕ ಒಟ್ಟ ಶಿಸ್ತಿಲ್ಲ ನೋಡ್ರಿ," ಎಂದರು.

೩. ಹುಲಕೋಟಿಯ ಜಾಣೆ

ಹೆಂಡತಿಯ ತಂಗಿಯ ಮಗಳು ಹುಲಕೋಟಿಯಿಂದ ಬಂದಿದ್ದಳು. ಕಾಲೇಜು ಹುಡುಗಿ, ಕ್ಯೂಬ್ ಬಿಡಿಸುವುದರಲ್ಲಿ ಚುರುಕು. ನಾನು ಶಾಲೆಯಿಂದ ಬರುವಷ್ಟರಲ್ಲಿ ಮನೆ ಗುಡಿಸಿ, ಟೀವಿ ಒರೆಸಿ, ಅದರ ಪಕ್ಕದ ಆ ಕ್ಯೂಬನ್ನೂ ತಿರುವಿಬಿಟ್ಟಿದ್ದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತೆ.

"ದೊಡ್ಡಪ್ಪಾ, ಬ್ಯಾರೇದಾಗಿದ್ರ ಒಂದ ನಿಮಿಷದ ಕೆಲಸ. ಇದು ಮಧ್ಯಾಹ್ನದಿಂದ ಜೀವಾ ತಿಂದೈತಿ. ಎಲ್ಲಾ ಕೂಡತೈತಿ, ಒಂದ ಮೂಲಿ ಮಾತ್ರ ಸೊಟ್ಟ ಉಳಿತೈತಿ. ಯಾರೋ ಆ ಮೂಲಿ ಹಿಡದು ಕೈಲೆ ತಿರುವ್ಯಾರ. ಗಣಿತ ಮಾಸ್ತರಾಗಿ ನೀವ ಹಿಂಗ ಕಳ್ಳಾಟ ಆಡೂದಾ?"

"ನಾನಲ್ಲವ್ವಾ. ನಿಮ್ಮ ದೊಡ್ಡವ್ವ."

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು; ಎಷ್ಟೋ ದಿನದ ಮೇಲೆ.

"ನಾನೂ ಹಂಗ ಹಿಡದು ತಿರುವಿ ಸರಿ ಮಾಡಲೇನು?"

"ಬ್ಯಾಡ."

ಕ್ಯೂಬ್ ಈಗಲೂ ಟೀವಿಯ ಪಕ್ಕದಲ್ಲಿದೆ. ಒಂದು ಮೂಲೆ ಸೊಟ್ಟಗಿದೆ.