ಅತ್ತೆ ನೋಡದ ಎರಡು ನಿಮಿಷ

“ಈ ಮನೆಯಲ್ಲಿ ಕತ್ತರಿಗೆ ಒಂದೇ ಕೆಲಸ, ಮೀನಿನ ರೆಕ್ಕೆ ಕತ್ತರಿಸೋದು! ಸಿನಿಮಾದ ಒಂದು ಕೂದಲನ್ನೂ ಯಾರೂ ಮುಟ್ಟೋ ಹಾಗಿಲ್ಲ!” ಎಂದು ತಯ್ಯಬ್ ಭಾನುವಾರ ಬೆಳಿಗ್ಗೆಯೇ ಘೋಷಿಸಿದ. ಕೇಳಲು ಇದ್ದವಳು ಹೆಂಡತಿ ವಸೀಲಾ ಒಬ್ಬಳೇ. ಅವಳು ಮೀನಿನ ರೆಕ್ಕೆ ಕತ್ತರಿಸುತ್ತಿದ್ದಳು.

ತಯ್ಯಬ್ ಟ್ಯೂನಿಸ್‌ನ ಪತ್ರಿಕೆಯೊಂದಕ್ಕೆ ‘ಕತ್ತರಿಗೆ ಧಿಕ್ಕಾರ’ ಎಂಬ ಅಂಕಣ ಬರೆಯುತ್ತಾನೆ. ಸಿನಿಮಾದಿಂದ ಶುರು ಮಾಡಿದರೆ ಮೂರನೇ ಸಾಲಿಗೆ ಸರ್ಕಾರ ಬಂದಿರುತ್ತದೆ. ಹಳೇ ಸರ್ಕಾರದ ಕಾಲದಲ್ಲಿ, ಚಿತ್ರ ಸಂಘದ ಚರ್ಚೆಯಲ್ಲಿ ಬಾಯಿಬಿಟ್ಟ ತಪ್ಪಿಗೆ ಎರಡು ದಿನ ಠಾಣೆಯಲ್ಲಿ ಕೂತು ಬಂದವನು. ಆ ಎರಡು ದಿನದ ಕಥೆ ಹೇಳತೊಡಗಿದನೆಂದರೆ ಕೇಳುವವರಿಗೇ ಎರಡು ವಾರ ಸೆರೆವಾಸ!

ಸಂಘದ ಕಟ್ಟಡ ದುರಸ್ತಿಯಲ್ಲಿತ್ತು. ಹಾಗಾಗಿ ಅಂದಿನ ಪ್ರದರ್ಶನ ಅವನ ಮನೆಯಲ್ಲೇ. ಬಂದರಿನ ಕೂಲಿಗಾರನೊಬ್ಬನ ಹಳೆಯ ಚಿತ್ರ. ಐವತ್ತು ವರ್ಷದ ಹಿಂದೆ ಎರಡು ನಿಮಿಷ ಕತ್ತರಿಸಿ ತೋರಿಸಿದ್ದರು. ಈಗ ಪೂರ್ತಿ ಪ್ರತಿ ಸಿಕ್ಕಿತ್ತು. ಆ ಎರಡು ನಿಮಿಷದಲ್ಲಿ ಕೂಲಿಗಾರ ಸರ್ವಾಧಿಕಾರದ ವಿರುದ್ಧ ಗುಡುಗಿರಲೇಬೇಕು ಎಂದು ತಯ್ಯಬ್, ನೋಡದೆಯೇ, ಮೂರು ಅಂಕಣ ಬರೆದಿದ್ದ.

ಅವನಿಗಿಂತ ಹೆಚ್ಚು ಕಾದಿದ್ದವರು ಅತ್ತೆ ಲಲ್ಲಾ ಬೇಯಾ. ಎಂಬತ್ತೆರಡು ವಯಸ್ಸು. ಗಂಡನ ಜೊತೆ ನೋಡಿದ ಮೊದಲ ಸಿನಿಮಾ ಅದು.

“ಹಡಗಿನ ಹತ್ರ ಆ ಕೂಲಿಗಾರ ಹುಡುಗಿ ಕೈ ಹಿಡೀತಾನೆ. ತಟ್ಟಂತ ನೋಡಿದ್ರೆ ಅವಳು ಮನೇಲಿ ಅಳ್ತಾ ಕೂತಿದ್ದಾಳೆ! ಜಗಳ ಆಯ್ತು ಅಂತ ಅವರು, ಇಲ್ಲ ಅಂತ ನಾನು. ಅವರು ಹೋಗೋವರೆಗೂ ಅದೇ ವಾದ. ನಾನು ಹೋಗೋಷ್ಟರಲ್ಲಿ ತಿಳ್ಕೋಬೇಕು. ಅಲ್ಲಿ ಅವರು ಕೇಳ್ತಾರೆ.”

ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಹೊದಿಸಿ, ಗೋಡೆಗೆ ಬಿಳಿ ದುಪ್ಪಟಿ ಕಟ್ಟಿದರು. ಹದಿನೈದು ಜನ ಸೇರಿದರು. ಅತ್ತೆಗೆ ಮುಂದಿನ ಕುರ್ಚಿ. ಪ್ರೊಜೆಕ್ಟರಿನ ಪಕ್ಕದಲ್ಲಿ ಸ್ವಾತಂತ್ರ್ಯದ ಕಾವಲುಗಾರನಾಗಿ ತಯ್ಯಬ್!

ಹಡಗು ಬಂತು. ಕೂಲಿಗಾರ ಹುಡುಗಿಯ ಕೈ ಹಿಡಿದ. ಗುಡುಗಲಿಲ್ಲ. ಬಗ್ಗಿ ಮುತ್ತಿಡಲು ಹೊರಟ!

ಆ ಊರಿನ ಮನೆಗಳಲ್ಲಿ ಒಂದು ಪದ್ಧತಿ. ಹಿರಿಯರ ಜೊತೆ ಟಿವಿ ನೋಡುವಾಗ ಅಂಥದ್ದು ಬಂದರೆ ರಿಮೋಟ್ ಹಿಡಿದವನು ತಕ್ಷಣ ಫುಟ್‌ಬಾಲಿಗೆ ಹಾರಬೇಕು. ಮೂವತ್ತು ವರ್ಷ ಅತ್ತೆಯೆದುರು ತಯ್ಯಬನ ಹೆಬ್ಬೆರಳು ಈ ಸೇವೆ ಸಲ್ಲಿಸಿತ್ತು. ಇಲ್ಲಿ ರಿಮೋಟ್ ಇರಲಿಲ್ಲ. ಕೈ ಯಾರನ್ನೂ ಕೇಳದೆ ಎದ್ದು ಪ್ರೊಜೆಕ್ಟರಿಗೆ ಅಡ್ಡ ನಿಂತಿತು. ದುಪ್ಪಟಿಯ ತುಂಬ ಐದು ಕರಿ ಬೆರಳು!

“ಕೈ ತೆಗೀರೀ!” ಎಂದು ವಸೀಲಾ ಕೂಗಿದಳು.

“ಇನ್ನೂ ಮುಗಿದಿಲ್ಲ ಕಣೇ!” ಎಂದ ತಯ್ಯಬ್, ಪರದೆ ನೋಡದೆ ಮುಖವನ್ನು ಹಿಂದಿನ ಗೋಡೆಗೆ ತಿರುಗಿಸಿ.

ಮುತ್ತಿನ ಹಿನ್ನೆಲೆಯ ಪಿಟೀಲು ನಿಂತ ಮೇಲೆ ಕೈ ಇಳಿಸಿದ. ಪರದೆಯ ಮೇಲೆ ಆ ಹುಡುಗಿ ಮನೆಯಲ್ಲಿ ಅಳುತ್ತ ಕೂತಿದ್ದಳು.

“ಅವತ್ತೂ ಇಲ್ಲಿಂದಲೇ ಶುರುವಾಗಿತ್ತು,” ಎಂದರು ಲಲ್ಲಾ ಬೇಯಾ.

ಮನೆ ಬಿರಿಯುವಂತೆ ಎಲ್ಲರೂ ನಕ್ಕರು. ಅವರೊಬ್ಬರು ನಗಲಿಲ್ಲ. “ಅವತ್ತು ಸರ್ಕಾರಾನ ಬೈಕೊಂಡು ಮನೆಗೆ ಹೋದ್ವಿ. ಇವತ್ತು ಅಳಿಯಂದ್ರನ್ನ ಬೈಯೋದಕ್ಕಾಗುತ್ತಾ?”

ತಯ್ಯಬನಿಗೆ ನಿಜಕ್ಕೂ ನಾಚಿಕೆಯಾಯಿತು. “ಅತ್ತೆ, ಅದು... ನಿಮ್ಮ ಮೇಲಿನ ಗೌರವಕ್ಕೆ...”

“ಕತ್ತರಿ ಹಿಡಿದೋರೂ ಇದೇ ಹೇಳ್ತಿದ್ರು, ಜನರ ಮೇಲಿನ ಗೌರವಕ್ಕೆ ಅಂತ,” ಎಂದು ವಸೀಲಾ ಪುದೀನ ಚಹಾದ ಲೋಟಗಳಿದ್ದ ದೊಡ್ಡ ತಟ್ಟೆಯನ್ನು ಅವನ ಎರಡೂ ಕೈಗೆ ಹೇರಿದಳು. “ಹಿಡ್ಕೊಂಡು ನಿಂತ್ಕೊಳ್ಳಿ. ಒಂದು ಹನಿ ಚೆಲ್ಲಬಾರದು!”

ಚಿತ್ರವನ್ನು ಅವಳೇ ಹಿಂದಕ್ಕೆ ಓಡಿಸಿದಳು. ಕೂಲಿಗಾರ ಮುತ್ತಿಟ್ಟ. ಹುಡುಗಿಯೂ ಇಟ್ಟಳು. ಆಮೇಲೆ ಅವನು ಹಡಗು ಹತ್ತಿ ಹೋದ. ಸರ್ಕಾರದ ಸುದ್ದಿಯೇ ಇಲ್ಲ! ಲಲ್ಲಾ ಬೇಯಾ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡರು. “ಜಗಳ ಆಗಿರ್ಲಿಲ್ಲ. ನಾನೇ ಗೆದ್ದೆ,” ಎಂದು ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಮೆಲ್ಲಗೆ ಹೇಳಿದರು. ತಯ್ಯಬ್ ಮೊದಲ ಲೋಟವನ್ನು ಅವರ ಮುಂದೆ ಹಿಡಿದ.

ಎರಡು ದಿನ ಕೂತು ಅವನು ಅಂಕಣ ಬರೆದ. ಪ್ರಾಯಶ್ಚಿತ್ತವೆಂದು ಮೊದಲು ಅತ್ತೆಯ ಕೈಗೇ ಕೊಟ್ಟ. ಅವರು ಕನ್ನಡಕ ಏರಿಸಿ ಕೊನೆಯ ಅಕ್ಷರದವರೆಗೂ ಓದಿದರು.

“ಚೆನ್ನಾಗಿ ಬರೆದಿದೀರಿ ಅಳಿಯಂದ್ರೇ. ಕಂಬಳಿ ಇದೆ, ದುಪ್ಪಟಿ ಇದೆ, ನನ್ನ ಕಣ್ಣೀರೂ ಇದೆ. ಮಧ್ಯದಲ್ಲಿ ಒಂದು ಕೈ ಇತ್ತಲ್ಲ, ಅದನ್ನ ಯಾರು ಕತ್ತರಿಸಿದ್ರು?”